ಒಂದೇ ಪಂಕ್ತಿಯ ಶಾಲೆ

ಬೆಂಗಳೂರಿನಿಂದ ಯಾವ ದಿಕ್ಕಿಗೆ ಹೊರಟರೂ ಊರಂಚಿನಲ್ಲಿ ಒಂದು ಫಲಕ ಕಣ್ಣಿಗೆ ಬೀಳದೆ ಇರದು: 'ಇಂಟರ್‌ನ್ಯಾಷನಲ್ ಸ್ಕೂಲ್'. ಒಂದು ಕಾಲಕ್ಕೆ ಅಪರೂಪವಾಗಿದ್ದ ಈ ಹೆಸರು ಈಗ ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿಯೂ ಬೇರು ಬಿಟ್ಟಿದೆ. ಎತ್ತರವಾದ ಗೇಟು, ಹಸಿರು ಹುಲ್ಲುಹಾಸು, ಈಜುಕೊಳ, ಹೊರದೇಶದ ಪರೀಕ್ಷೆ, ತಂದೆತಾಯಿಗಳ ಉಳಿತಾಯವನ್ನು ಒಂದೇ ತುತ್ತಿಗೆ ನುಂಗಬಲ್ಲ ಶುಲ್ಕ - ಇವಿಷ್ಟೂ ಸೇರಿದರೆ ಶಾಲೆ ಅಂತರರಾಷ್ಟ್ರೀಯವಾಯಿತೆಂದು ಜನ ನಂಬುತ್ತಾರೆ. ಮಗುವನ್ನು ಅಲ್ಲಿ ಸೇರಿಸಬೇಕೇ ಬೇಡವೇ ಎಂದು ಎಷ್ಟೋ ಮನೆಗಳಲ್ಲಿ ರಾತ್ರಿಯ ಊಟವಾದ ಮೇಲೆ ಲೆಕ್ಕಾಚಾರ ನಡೆಯುತ್ತದೆ. ಲೆಕ್ಕವೆಲ್ಲ ಹಣದ್ದು. ಆ ಹೆಸರಿನ ಅರ್ಥವೇನು ಎಂಬ ಪ್ರಶ್ನೆ ಮಾತ್ರ ಏಳುವುದು ಕಡಿಮೆ.

ಹೆಸರಿಗೆ ಅರ್ಥವುಂಟು, ಅದಕ್ಕೊಂದು ಇತಿಹಾಸವೂ ಉಂಟು. ಆ ಅರ್ಥವನ್ನು ಉಳಿಸಿಕೊಳ್ಳುವುದಕ್ಕಾಗಿ ದೊಡ್ಡ ಬೆಲೆ ತೆತ್ತ ಶಾಲೆಯೊಂದು ಆಫ್ರಿಕ ಖಂಡದ ತೆಂಕಣ ತುದಿಯಲ್ಲಿ, ಒಂದು ಪುಟ್ಟ ರಾಜ್ಯದ ಗುಡ್ಡದ ಮೇಲೆ ಇಂದಿಗೂ ನಡೆಯುತ್ತಿದೆ. ಅದರ ಹೆಸರು ವಾಟರ್‌ಫರ್ಡ್ ಕಮ್‌ಹ್ಲಾಬಾ. ಅದರ ಕಥೆಯನ್ನು ತಿಳಿದವರಿಗೆ ಫಲಕದ ಮೇಲಿನ ಆ ದೊಡ್ಡ ಮಾತು ಬೇರೆಯೇ ಬೆಳಕಿನಲ್ಲಿ ಕಾಣುತ್ತದೆ.

ಜಿನೀವದ ಎಂಟು ಮಕ್ಕಳು

ಮೊದಲನೆಯ ಮಹಾಯುದ್ಧ ಮುಗಿದು, ಇನ್ನು ಇಂಥ ಕೇಡು ಲೋಕಕ್ಕೆ ಬರದಿರಲೆಂದು ರಾಷ್ಟ್ರಸಂಘವು ಸ್ವಿಟ್ಜರ್ಲೆಂಡಿನ ಜಿನೀವ ನಗರದಲ್ಲಿ ನೆಲೆಗೊಂಡಿತು. ನಾನಾ ದೇಶಗಳ ಅಧಿಕಾರಿಗಳು ಸಂಸಾರ ಸಮೇತ ಅಲ್ಲಿಗೆ ಬಂದರು. ದೊಡ್ಡವರು ಹಗಲೆಲ್ಲ ಒಂದೇ ಮೇಜಿನ ಸುತ್ತ ಕುಳಿತು ಶಾಂತಿಯ ಮಾತನಾಡುತ್ತಿದ್ದರು. ಅವರ ಮಕ್ಕಳು ಎಲ್ಲಿ ಓದಬೇಕು? ಒಂದು ದೇಶದ ಶಾಲೆಗೆ ಕಳುಹಿಸಿದರೆ ಆ ದೇಶದ ಚರಿತ್ರೆಯೇ ಚರಿತ್ರೆ, ಅದರ ಶತ್ರುಗಳೇ ಶತ್ರುಗಳು ಎಂಬ ಪಾಠವಾಗುವ ಭಯ. ಹೀಗಾಗಿ 1924ರಲ್ಲಿ ಅವರೇ ಕೂಡಿ ಒಂದು ಶಾಲೆಯನ್ನು ತೆರೆದರು. ಮೊದಲ ದಿನ ಇದ್ದವರು ಎಂಟೇ ಮಕ್ಕಳು. ಅಡಾಲ್ಫ್ ಫೆರಿಯೇರ್ ಎಂಬ ಶಿಕ್ಷಣವೇತ್ತರ ಮನೆಯೇ ಅವರ ಶಾಲೆ. ಜಗತ್ತಿನ ಮೊತ್ತಮೊದಲ ಅಂತರರಾಷ್ಟ್ರೀಯ ಶಾಲೆಗಳಲ್ಲಿ ಇದನ್ನು ಹೆಸರಿಸುವುದು ವಾಡಿಕೆ.

ಎರಡು ವರ್ಷಗಳ ತರುವಾಯ, 1926ರಲ್ಲಿ, ಜವಾಹರಲಾಲ್ ನೆಹರೂ ಅವರು ಪತ್ನಿ ಕಮಲಾ ಅವರ ಚಿಕಿತ್ಸೆಗೆಂದು ಜಿನೀವಕ್ಕೆ ಹೋದಾಗ ಜೊತೆಯಲ್ಲಿ ಎಂಟು ವರ್ಷದ ಮಗಳಿದ್ದಳು. ಆ ಮಗಳು ಇಂದಿರಾ ಕೆಲವು ಕಾಲ ಓದಿದ್ದು ಈ ಶಾಲೆಯಲ್ಲಿಯೇ.

ಜಿನೀವದ ಶಾಲೆ ಒಳ್ಳೆಯ ಶಾಲೆ. ಆದರೆ ಅಲ್ಲಿ ಕೂಡಿದವರು ಬಹುಮಟ್ಟಿಗೆ ಒಂದೇ ಅಂತಸ್ತಿನವರು. ಭಾಷೆ ಬೇರೆಯಾದರೂ ಅವರ ಮನೆಗಳಲ್ಲಿನ ಊಟ, ಉಡುಪು, ಪುಸ್ತಕಗಳಲ್ಲಿ ಹೆಚ್ಚಿನ ಅಂತರವಿರಲಿಲ್ಲ. ಒಬ್ಬರ ಪಕ್ಕದಲ್ಲಿ ಇನ್ನೊಬ್ಬರು ಕೂಡಬಾರದೆಂದು ಅವರಿಗೆ ಯಾವ ಕಾನೂನೂ ಹೇಳಿರಲಿಲ್ಲ. ಹಾಗೆಂದು ಕಾನೂನೇ ಹೇಳುವ ಕಡೆಯಲ್ಲಿ ಮಕ್ಕಳನ್ನು ಕೂಡಿಸುವುದಾದರೆ? ಕಠಿಣವಾದ ಪರೀಕ್ಷೆ ಎದುರಾದದ್ದು ಅಲ್ಲಿ.

ಬಣ್ಣವೇ ಕಾನೂನಾದ ನಾಡು

ದಕ್ಷಿಣ ಆಫ್ರಿಕದಲ್ಲಿ 1948ರಲ್ಲಿ ನ್ಯಾಷನಲ್ ಪಕ್ಷ ಅಧಿಕಾರಕ್ಕೆ ಬಂದಿತು. ವರ್ಣಭೇದವು ಅಲ್ಲಿ ಹೊಸದಲ್ಲ. 1893ರಲ್ಲಿ ಮೋಹನದಾಸ ಗಾಂಧಿಯವರನ್ನು ಪೀಟರ್‌ಮರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ರೈಲಿನಿಂದ ಹೊರದೂಡಿದ ನಾಡು ಅದು. ಆದರೆ ಇದುವರೆಗೆ ರೂಢಿಯಾಗಿದ್ದುದು ಈಗ ಒಂದೊಂದಾಗಿ ಶಾಸನವಾಯಿತು. 1950ರ ಒಂದು ಕಾನೂನು ಪ್ರತಿಯೊಬ್ಬ ಪ್ರಜೆಯನ್ನೂ ಜನಾಂಗದ ಪಟ್ಟಿಗೆ ಸೇರಿಸಿತು. ಅದೇ ವರ್ಷದ ಇನ್ನೊಂದು ಕಾನೂನು ಯಾವ ಬಣ್ಣದವರು ಯಾವ ಬೀದಿಯಲ್ಲಿ ವಾಸಿಸಬೇಕೆಂದು ಗೆರೆ ಎಳೆಯಿತು. ಬೇರೆ ಬೇರೆ ಬಣ್ಣದವರ ಮದುವೆಯಂತೂ 1949ರಲ್ಲಿಯೇ ನಿಷಿದ್ಧವಾಗಿತ್ತು. 1953ರಲ್ಲಿ ಉದ್ಯಾನದ ಬೆಂಚು, ಸಮುದ್ರದ ದಂಡೆ, ಅಂಚೆ ಕಚೇರಿಯ ಸಾಲು ಎಲ್ಲವೂ ಪಾಲಾದವು.

ಅದೇ 1953ರಲ್ಲಿ ಬಂದದ್ದು 'ಬಾಂಟು ಶಿಕ್ಷಣ ಕಾಯಿದೆ'. ಇದರ ರೂವಾರಿ ಹೆಂಡ್ರಿಕ್ ಫರ್ವೂರ್ಟ್. ಮುಂದೆ ಪ್ರಧಾನಿಯಾದಾತ, ಹಿಂದೆ ಪ್ರಾಧ್ಯಾಪಕನಾಗಿದ್ದವನು. ಕೆಲವು ಬಗೆಯ ದುಡಿಮೆಯನ್ನು ಬಿಟ್ಟು ಮೇಲಿನ ಯಾವ ಸ್ಥಾನವೂ ಬಿಳಿಯರ ಸಮಾಜದಲ್ಲಿ ಆಫ್ರಿಕನ್ನನಿಗೆ ಇಲ್ಲ. ಆದ್ದರಿಂದ ಮೇಲಿನ ಆಸೆಯನ್ನು ಹುಟ್ಟಿಸುವ ವಿದ್ಯೆಯೂ ಅವನಿಗೆ ಬೇಡ - ಇದು ಆತನು ಶಾಸನಸಭೆಯಲ್ಲಿ ಬಹಿರಂಗವಾಗಿಯೇ ಮಂಡಿಸಿದ ವಾದದ ತಿರುಳು. ವಿದ್ಯೆಯನ್ನು ಕೊಡದಿರುವ ಸರಕಾರಗಳನ್ನು ಲೋಕ ಕಂಡಿದೆ. ಆಸೆ ಹುಟ್ಟದಷ್ಟೇ ವಿದ್ಯೆಯನ್ನು ಅಳೆದು ಕೊಡುವ ಸರಕಾರ ಅಪರೂಪದ್ದು.

ಆಫ್ರಿಕನ್ ಮಕ್ಕಳಿಗೆ ಅಲ್ಲಿಯವರೆಗೆ ಒಳ್ಳೆಯ ಶಿಕ್ಷಣ ಸಿಗುತ್ತಿದ್ದುದು ಮಿಷನರಿ ಶಾಲೆಗಳಲ್ಲಿ. ಜೋಹಾನ್ಸ್‌ಬರ್ಗಿನ ರೊಸೆಟೆನ್‌ವಿಲ್ ಬಡಾವಣೆಯಲ್ಲಿದ್ದ ಸೇಂಟ್ ಪೀಟರ್ಸ್ ಶಾಲೆ ಅಂಥವುಗಳಲ್ಲಿ ಹೆಸರಾದದ್ದು. ಮುಂದೆ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಅಧ್ಯಕ್ಷರಾದ ಆಲಿವರ್ ಟಾಂಬೊ ಅಲ್ಲಿ ಓದಿದವರು, ಅಲ್ಲಿಯೇ ಪಾಠ ಹೇಳಿದವರು. ಪಾದ್ರಿ ಟ್ರೆವರ್ ಹಡಲ್‌ಸ್ಟನ್ ಅದರ ಮೇಲ್ವಿಚಾರಕರಾಗಿದ್ದರು. ಹ್ಯೂ ಮಸಕೇಲ ಎಂಬ ತುಂಟ ಹುಡುಗನ ಕೈಗೆ ಅವರು ಒಂದು ಕಹಳೆಯನ್ನು ಕೊಡಿಸಿದರು. ಆ ಹುಡುಗ ಜಗತ್ಪ್ರಸಿದ್ಧ ವಾದಕನಾದ. ಹೊಸ ಕಾಯಿದೆ ಬಂದಾಗ ಶಾಲೆಯ ಮುಂದೆ ಎರಡೇ ದಾರಿಗಳಿದ್ದವು: ಸರಕಾರದ ಕೀಳು ಪಾಠಪಟ್ಟಿಗೆ ಒಪ್ಪುವುದು, ಇಲ್ಲವೇ ಮುಚ್ಚುವುದು. 1956ರಲ್ಲಿ ಸೇಂಟ್ ಪೀಟರ್ಸ್ ಮುಚ್ಚಿತು.

ಎರಡು ವರ್ಷಗಳಲ್ಲಿ ಅದೇ ಜಾಗದಲ್ಲಿ ಸೇಂಟ್ ಮಾರ್ಟಿನ್ಸ್ ಎಂಬ ಇನ್ನೊಂದು ಶಾಲೆ ತೆರೆಯಿತು. ಕಾನೂನಿನಂತೆ ಅದು ಬಿಳಿಯ ಮಕ್ಕಳಿಗೆ ಮಾತ್ರ. ಅದರ ಮುಖ್ಯೋಪಾಧ್ಯಾಯರಾಗಿದ್ದವರು ಇಂಗ್ಲೆಂಡಿನಿಂದ ಬಂದ ಮೈಕೇಲ್ ಸ್ಟರ್ನ್.

ಗಡಿಯಾಚೆಯ ಗುಡ್ಡ

ಟಾಂಬೊ ಪಾಠ ಹೇಳಿದ್ದ ನೆಲದಲ್ಲಿ, ಟಾಂಬೊನ ಬಣ್ಣದ ಒಂದು ಮಗುವಿಗೂ ಬಾಗಿಲು ತೆರೆಯಲಾಗದ ಸ್ಥಾನ ಸ್ಟರ್ನ್ ಅವರದು. ಸಂಬಳವುಂಟು, ಗೌರವವುಂಟು, ಕಾನೂನಿನ ಆಸರೆಯುಂಟು. ಸುಮ್ಮನೆ ಇದ್ದುಬಿಟ್ಟಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ. ಸಜ್ಜನರಾದ ಎಷ್ಟೋ ಜನ ಹಾಗೆಯೇ ಇದ್ದರು. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ, ಪಾಸು ಕಾಯಿದೆಯನ್ನು ವಿರೋಧಿಸಿ ನೆರೆದಿದ್ದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿ 69 ಮಂದಿಯನ್ನು ಕೊಂದರು. ನಾಡಿನೊಳಗೆ ಎಲ್ಲ ಬಣ್ಣದ ಮಕ್ಕಳನ್ನೂ ಕೂಡಿಸುವ ಶಾಲೆ ಸಾಧ್ಯವೇ ಇಲ್ಲವೆಂಬುದು ಆ ಹೊತ್ತಿಗೆ ಸ್ಪಷ್ಟವಾಗಿತ್ತು.

ನಾಡಿನೊಳಗೆ ಆಗದಿದ್ದರೆ ಗಡಿಯಾಚೆ! ದಕ್ಷಿಣ ಆಫ್ರಿಕಕ್ಕೆ ತಾಗಿಕೊಂಡೇ ಬ್ರಿಟಿಷರ ರಕ್ಷಣೆಯಲ್ಲಿದ್ದ ಮೂರು ಸೀಮೆಗಳಿದ್ದವು. ಅವುಗಳಲ್ಲಿ ಒಂದು ಸ್ವಾಜಿಲೆಂಡ್. ವಿಸ್ತಾರ 17,364 ಚದರ ಕಿಲೋಮೀಟರು. ಕರ್ನಾಟಕದ ಹನ್ನೊಂದರಲ್ಲಿ ಒಂದು ಪಾಲು. ಮೂರು ಕಡೆ ದಕ್ಷಿಣ ಆಫ್ರಿಕ, ಮೂಡಣಕ್ಕೆ ಆಗ ಪೋರ್ಚುಗೀಸರ ವಸಾಹತಾಗಿದ್ದ ಮೊಜಾಂಬಿಕ್. ರಾಜಧಾನಿ ಉಂಬಬಾನೆ ಜೋಹಾನ್ಸ್‌ಬರ್ಗಿನಿಂದ ಸುಮಾರು 350 ಕಿಲೋಮೀಟರು. ಬೆಂಗಳೂರಿನಿಂದ ಮಂಗಳೂರಿಗೆ ಹೋದಷ್ಟು ದೂರ. ಬೆಳಗ್ಗೆ ಹೊರಟ ಮಗು ಸಂಜೆಗೆ ತಲುಪಬಹುದು. ಅಲ್ಲಿ ಫರ್ವೂರ್ಟನ ಕಾಯಿದೆ ನಡೆಯದು.

ಆ ಊರಿನ ಹೊರಗೆ ಒಂದು ಗುಡ್ಡದ ಮೇಲೆ, 1963ರ ಫೆಬ್ರವರಿಯಲ್ಲಿ, ವಾಟರ್‌ಫರ್ಡ್ ಶಾಲೆ ಆರಂಭವಾಯಿತು. ವಿದ್ಯಾರ್ಥಿಗಳು ಹದಿನಾರು ಮಂದಿ ಹುಡುಗರು. ಹಣ ಹೇಳಿಕೊಳ್ಳುವಷ್ಟಿರಲಿಲ್ಲ, ಗೆಳೆಯರೂ ಹಿತೈಷಿಗಳೂ ಕೊಟ್ಟದ್ದು, ಊರೂರು ಅಲೆದು ಬೇಡಿ ತಂದದ್ದು. ಕಟ್ಟಡಗಳ ನಕ್ಷೆಯನ್ನು ಮಾಡಿದವರು ಮೊಜಾಂಬಿಕ್‌ನಲ್ಲಿದ್ದ ಹೆಸರಾಂತ ವಾಸ್ತುಶಿಲ್ಪಿ ಪಾಂಚೊ ಗೆಡೆಸ್.

ಗಡಿಯ ಆ ಕಡೆ ಒಂದು ಇಡೀ ರಾಷ್ಟ್ರ ತನ್ನ ಸೈನ್ಯ, ಪೋಲೀಸು, ಶಾಸನ, ವಿಶ್ವವಿದ್ಯಾಲಯ, ಧರ್ಮಪೀಠಗಳೊಡನೆ ಒಂದು ಮಾತನ್ನು ಸಾರುತ್ತಿತ್ತು: ಇವರು ಕೂಡಿ ಬಾಳಲಾರರು. ಈ ಕಡೆ ಹದಿನಾರು ಹುಡುಗರು ಬೆಳಗ್ಗೆ ಎದ್ದು ಒಂದೇ ಸಾಲಿನಲ್ಲಿ ನಿಂತು ಮುಖ ತೊಳೆದುಕೊಳ್ಳುತ್ತಿದ್ದರು. ವಾದಕ್ಕೆ ಉತ್ತರವಾಗಿ ಅಷ್ಟೇ ಸಾಕಾಗಿತ್ತು.

ಗಾಂಧೀಜಿಯವರ ಹಳೆಯ ಪಾಠ

ಇಂಥ ಪ್ರಯೋಗಕ್ಕೆ ಆ ನೆಲದಲ್ಲಿಯೇ ಒಂದು ಪೂರ್ವಛಾಯೆ ಇದ್ದುದನ್ನು ಭಾರತದ ಓದುಗರು ಮರೆಯಲಾಗದು. 1910ರಲ್ಲಿ, ಜೋಹಾನ್ಸ್‌ಬರ್ಗಿನಿಂದ ಇಪ್ಪತ್ತೊಂದು ಮೈಲಿ ದೂರದಲ್ಲಿ, ಜರ್ಮನ್ ಯೆಹೂದಿ ವಾಸ್ತುಶಿಲ್ಪಿ ಹರ್ಮನ್ ಕಾಲೆನ್‌ಬಾಕ್ ಅವರು ಬಿಟ್ಟುಕೊಟ್ಟ 1,100 ಎಕರೆ ಜಮೀನಿನಲ್ಲಿ ಗಾಂಧೀಜಿ ಟಾಲ್‌ಸ್ಟಾಯ್ ಆಶ್ರಮವನ್ನು ಕಟ್ಟಿದರು. ಸತ್ಯಾಗ್ರಹಿಗಳ ಸಂಸಾರಗಳು ಅಲ್ಲಿ ನೆಲೆಸಿದವು. ಹಿಂದೂ, ಮುಸಲ್ಮಾನ, ಪಾರ್ಸಿ, ಕ್ರೈಸ್ತ ಮಕ್ಕಳಿಗೆ ಸ್ವತಃ ಗಾಂಧೀಜಿಯವರೇ ಉಪಾಧ್ಯಾಯರು. ರಮಜಾನಿನಲ್ಲಿ ಮುಸಲ್ಮಾನ ಹುಡುಗರು ಉಪವಾಸ ಹಿಡಿದಾಗ ಉಳಿದವರೂ ಅವರೊಡನೆ ಉಪವಾಸವಿದ್ದರು. ಪರಧರ್ಮ ಸಹಿಷ್ಣುತೆಯ ಮೇಲೆ ಉಪನ್ಯಾಸ ಮಾಡುವುದಕ್ಕಿಂತ ಒಂದು ಹೊತ್ತು ಒಟ್ಟಿಗೆ ಹಸಿದಿರುವುದು ಹೆಚ್ಚು ಕಲಿಸುತ್ತದೆಂದು ಅವರು ಬಲ್ಲವರಾಗಿದ್ದರು.

ಆ ಆಶ್ರಮದ ಮಕ್ಕಳೆಲ್ಲ ಭಾರತೀಯರು. ವಾಟರ್‌ಫರ್ಡ್ ಅದಕ್ಕಿಂತ ಮುಂದೆ ಒಂದು ಹೆಜ್ಜೆ ಇಟ್ಟಿತು. ಆಫ್ರಿಕನ್ನರು, ಬಿಳಿಯರು, ಮಿಶ್ರವರ್ಣದವರು, ಭಾರತೀಯರು - ದಕ್ಷಿಣ ಆಫ್ರಿಕದ ಸರಕಾರವು ನಾಲ್ಕು ಪಟ್ಟಿಗಳಲ್ಲಿ ಬೇರ್ಪಡಿಸಿದ್ದ ಜನರ ಮಕ್ಕಳೆಲ್ಲರೂ ಅಲ್ಲಿ ಒಂದೇ ಹಾಜರಿ ಪುಸ್ತಕದಲ್ಲಿದ್ದರು.

ಪಂಕ್ತಿಭೇದವಿಲ್ಲದ ಊಟ

ಸಮಾಜದ ನಿಜವಾದ ಬೀಗ ಊಟದ ಮನೆಯಲ್ಲಿದೆ. ಈ ಮಾತು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾದದ್ದಲ್ಲ. 'ಪಂಕ್ತಿಭೇದ' ಎಂಬ ಪದವೇ ಕನ್ನಡದಲ್ಲಿ ಉಂಟು. ಸಭೆಯಲ್ಲಿ ಸಮಾನತೆಯ ಭಾಷಣ ಮಾಡಿ, ಎಲೆ ಹಾಕುವ ಹೊತ್ತಿಗೆ ಬೇರೆ ಸಾಲು ಹುಡುಕುವವರನ್ನು ಎಷ್ಟೋ ತಲೆಮಾರುಗಳು ನೋಡಿವೆ. ಜಾತಿಗೊಂದು ವಿದ್ಯಾರ್ಥಿನಿಲಯವಿದ್ದ ಊರುಗಳಲ್ಲಿ, ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತ ಹುಡುಗರು ಸಂಜೆಗೆ ಬೇರೆ ಬೇರೆ ಬಾಗಿಲುಗಳಲ್ಲಿ ಮರೆಯಾಗುತ್ತಿದ್ದರು. ಪಾಠ ಒಂದೇ, ಬಾಳು ಬೇರೆ.

ವಾಟರ್‌ಫರ್ಡಿನ ಹಿರಿಮೆ ಇರುವುದು ಅದು ವಸತಿಶಾಲೆಯಾದದ್ದರಲ್ಲಿ. ಒಂದೇ ಛಾವಣಿಯ ಕೆಳಗೆ ಮಲಗುವುದು, ಒಂದೇ ಮೇಜಿನ ಮೇಲೆ ಉಣ್ಣುವುದು, ಒಂದೇ ಸ್ನಾನದ ಮನೆ, ಒಂದೇ ಆಟದ ಬಯಲು. ಜೋಹಾನ್ಸ್‌ಬರ್ಗಿನ ಬಿಳಿಯ ಮಗುವೊಂದು ಆಫ್ರಿಕನ್ನರನ್ನು ಅದುವರೆಗೆ ಕಂಡದ್ದು ಅಡುಗೆಯವಳಾಗಿ, ತೋಟದ ಆಳಾಗಿ. ಆಫ್ರಿಕನ್ ಮಗುವೊಂದು ಬಿಳಿಯರನ್ನು ಕಂಡದ್ದು ಪೋಲೀಸನಾಗಿ, ಒಡೆಯನಾಗಿ. ಇಬ್ಬರೂ ಪಕ್ಕಪಕ್ಕದ ಹಾಸಿಗೆಗಳಲ್ಲಿ ಮಲಗಿದಾಗ ತಿಳಿಯುವ ಸಂಗತಿಗಳು ಬಹಳ ಸಣ್ಣವು: ಇವನಿಗೂ ಗಣಿತ ಕಷ್ಟ, ಅವನಿಗೂ ಮನೆಯ ನೆನಪು, ಇಬ್ಬರಿಗೂ ಗಂಜಿ ಬೇಸರ. ಇಷ್ಟು ಸಣ್ಣ ಸಂಗತಿಗಳು ತಿಳಿಯಬಾರದೆಂದೇ ಅಷ್ಟು ದೊಡ್ಡ ಕಾನೂನುಗಳನ್ನು ಮಾಡಲಾಗಿತ್ತು.

ಜಗಳಗಳು ಇರಲಿಲ್ಲವೆಂದಲ್ಲ. ಮಕ್ಕಳಿರುವ ಮನೆಯಲ್ಲಿ ಜಗಳವಿಲ್ಲದೆ ಆಗುವುದೆ? ಆದರೆ ಜಗಳವಾಡಿದವರು ಮತ್ತೆ ಅದೇ ಮೇಜಿಗೆ ಊಟಕ್ಕೆ ಬರಲೇಬೇಕು. ಬೇರೆ ಮೇಜು ಇಲ್ಲ. ಕೂಡುಕುಟುಂಬದಲ್ಲಿ ಬೆಳೆದವರಿಗೆ ಇದರ ಶಕ್ತಿ ಗೊತ್ತು.

ಕಷ್ಟವಿದ್ದುದು ರಜೆಯಲ್ಲಿ. ಮೂರು ತಿಂಗಳು ಜೊತೆಯಾಗಿ ಬಾಳಿದ ಗೆಳೆಯರು ಗಡಿಯನ್ನು ದಾಟಿದೊಡನೆ ಒಂದೇ ಬೆಂಚಿನ ಮೇಲೆ ಕೂಡುವಂತಿಲ್ಲ; ರೈಲಿನ ಒಂದೇ ಗಾಡಿಯಲ್ಲಿ ಪ್ರಯಾಣ ಮಾಡುವಂತಿಲ್ಲ; ಒಂದೇ ಹೋಟೆಲಿನಲ್ಲಿ ಒಂದು ಲೋಟ ಚಹ ಕುಡಿಯುವಂತಿಲ್ಲ. ಒಬ್ಬನ ಮನೆ ಮರಗಳ ನೆರಳಿನ ಬಡಾವಣೆಯಲ್ಲಿ, ಇನ್ನೊಬ್ಬನದು ಸೊವೆಟೊದ ಇಕ್ಕಟ್ಟಿನ ಸಾಲುಮನೆಯಲ್ಲಿ. ಶಾಲೆ ಕಲಿಸಿದ್ದು ನಿಜವೋ, ಊರು ಕಲಿಸುವುದು ನಿಜವೋ ಎಂಬ ಪ್ರಶ್ನೆಯನ್ನು ವರ್ಷಕ್ಕೆ ಹಲವು ಬಾರಿ ಆ ಮಕ್ಕಳು ಎದುರಿಸಬೇಕಾಗುತ್ತಿತ್ತು. ಪರೀಕ್ಷೆಯ ಪತ್ರಿಕೆಯಲ್ಲಿ ಬಾರದ ಪ್ರಶ್ನೆ ಅದು.

ಸೆರೆಮನೆಯಲ್ಲಿದ್ದವರ ಮಕ್ಕಳು

1964ರ ಜೂನ್ 12ರಂದು ನೆಲ್ಸನ್ ಮಂಡೇಲ, ವಾಲ್ಟರ್ ಸಿಸುಲು, ಅಹಮದ್ ಕತ್ರಾಡ ಮೊದಲಾದವರಿಗೆ ಜೀವಾವಧಿ ಶಿಕ್ಷೆಯಾಯಿತು. ಸೆರೆಗೆ ಹೋದವರ ತ್ಯಾಗವನ್ನು ಲೋಕ ಕೊಂಡಾಡುತ್ತದೆ. ಅವರ ಮಕ್ಕಳ ಪಾಡನ್ನು ಕೇಳುವವರು ಕಡಿಮೆ. ಮಂಡೇಲರ ಪತ್ನಿ ವಿನಿ ಅವರ ಮೇಲೆ ಸರಕಾರದ ನಿರ್ಬಂಧದ ಆಜ್ಞೆಗಳು ಒಂದರ ಮೇಲೊಂದು ಬಿದ್ದವು. ಜೆನಾನಿ ಮತ್ತು ಜಿಂಡ್‌ಜಿ ಎಂಬ ಇಬ್ಬರು ಪುಟ್ಟ ಹೆಣ್ಣುಮಕ್ಕಳನ್ನು ಜೋಹಾನ್ಸ್‌ಬರ್ಗಿನ ಶಾಲೆಗಳಲ್ಲಿ ಓದಿಸುವುದು ದುಸ್ತರವಾಯಿತು. ತಾಯಿ ಅವರನ್ನು ಸ್ವಾಜಿಲೆಂಡಿಗೆ ಕಳುಹಿಸಿದರು. ಮೊದಲು ಒಂದು ಕ್ಯಾಥೊಲಿಕ್ ಶಾಲೆಗೆ, ಅನಂತರ ವಾಟರ್‌ಫರ್ಡಿಗೆ. ಶುಲ್ಕವನ್ನು ತೆತ್ತವರು ಹೊರಗಿನ ಹಿತೈಷಿಗಳು.

ಸಿಸುಲು ಅವರ ಮಗಳು ಲಿಂಡಿವೆ ಅಲ್ಲಿ ಓದಿದಳು. 'ಬಾಂಟು ಶಿಕ್ಷಣ'ದ ಪಾಠವನ್ನು ಮಕ್ಕಳ ಬಾಯಿಗೆ ಹಾಕಲಾರೆನೆಂದು ಉಪಾಧ್ಯಾಯ ವೃತ್ತಿಯನ್ನೇ ತೊರೆದು ಪಾದ್ರಿಯಾದ ಡೆಸ್ಮಂಡ್ ಟುಟು ಅವರೂ ತಮ್ಮ ಮಕ್ಕಳನ್ನು ಸ್ವಾಜಿಲೆಂಡಿಗೆ ಕಳುಹಿಸಿದರು. ಬೊಟ್ಸ್ವಾನದ ಸೆರೆಟ್ಸಿ ಖಾಮ ಅವರ ಮಗ ಇಯಾನ್ ಕೂಡ ವಾಟರ್‌ಫರ್ಡಿನ ವಿದ್ಯಾರ್ಥಿ. ಸೆರೆಟ್ಸಿ ಆಫ್ರಿಕನ್ ಅರಸು ಮನೆತನದವರು. 1948ರಲ್ಲಿ ರೂತ್ ವಿಲಿಯಮ್ಸ್ ಎಂಬ ಇಂಗ್ಲಿಷ್ ತರುಣಿಯನ್ನು ಮದುವೆಯಾದ ಒಂದೇ ಕಾರಣಕ್ಕೆ ಬ್ರಿಟಿಷ್ ಸರಕಾರ ಅವರನ್ನು ವರ್ಷಗಟ್ಟಲೆ ತಾಯ್ನಾಡಿನಿಂದ ಹೊರಗಿಟ್ಟಿತ್ತು. ಅವರ ಮಗನಿಗೆ ಪಕ್ಕದ ದೇಶದ ಯಾವ ಪಟ್ಟಿಯಲ್ಲಿ ಸ್ಥಾನ? ವಾಟರ್‌ಫರ್ಡಿನಲ್ಲಿ ಅಂಥ ಪಟ್ಟಿಯೇ ಇರಲಿಲ್ಲ. ಸ್ವಾಜಿಲೆಂಡಿನ ಬ್ರಿಟಿಷ್ ಆಡಳಿತದ ಶಿಕ್ಷಣಾಧಿಕಾರಿಯ ಮಗನೂ ಅದೇ ಶಾಲೆಯಲ್ಲಿ ಓದಿದ. ಮುಂದೆ ಆತ ರಿಚರ್ಡ್ ಇ. ಗ್ರಾಂಟ್ ಎಂಬ ಹೆಸರಿನ ಚಲಚ್ಚಿತ್ರ ನಟನಾದ.

ರಾಬನ್ ದ್ವೀಪದ ಸೆರೆಮನೆಯಲ್ಲಿ ಹದಿನಾರು ವರ್ಷ ತುಂಬದ ಮಕ್ಕಳಿಗೆ ತಂದೆಯ ಮುಖ ನೋಡುವ ಅಪ್ಪಣೆಯಿರಲಿಲ್ಲ. ಮಂಡೇಲರ ಹೆಣ್ಣುಮಕ್ಕಳು ಬೆಳೆದದ್ದು ಕಾಗದಗಳ ಮೂಲಕ ಬಂದ ತಂದೆಯ ಪ್ರೀತಿಯಲ್ಲಿ. ಹಿರಿಯ ಮಗಳು ಜೆನಾನಿ 1977ರಲ್ಲಿ ಸ್ವಾಜಿಲೆಂಡಿನ ರಾಜಕುಮಾರನೊಬ್ಬನನ್ನು ಮದುವೆಯಾದಳು. ರಾಜಮನೆತನಕ್ಕೆ ಸೇರಿದ ಕಾರಣ ಆಕೆಗೆ ರಾಯಭಾರಿಗಳ ಸವಲತ್ತು ದೊರೆಯಿತು. ನಡುವೆ ಗಾಜಿನ ತಡೆಯಿಲ್ಲದೆ ತಂದೆಯನ್ನು ಕಾಣುವ ಹಕ್ಕು ಬಂದಿತು. 1978ರಲ್ಲಿ ಆಕೆ ಹಸುಗೂಸನ್ನು ಎತ್ತಿಕೊಂಡು ದ್ವೀಪಕ್ಕೆ ಹೋದಳು. ತಂದೆ ಮಗಳನ್ನು ಅಪ್ಪಿಕೊಂಡದ್ದು ಎಷ್ಟೋ ವರ್ಷಗಳ ತರುವಾಯ ಅಂದೇ. ಭೇಟಿಯ ಹೊತ್ತು ಮುಗಿಯುವವರೆಗೂ ಮಂಡೇಲ ಆ ಕೂಸನ್ನು ಕೈಯಿಂದ ಇಳಿಸಲಿಲ್ಲ. ಅಜ್ಜನೇ ಹೆಸರಿಡಬೇಕೆಂಬ ಪದ್ಧತಿಯಂತೆ ಅವರು ಇಟ್ಟ ಹೆಸರು ಜಾಜಿವೆ. ಭರವಸೆ ಎಂದು ಅದರ ಅರ್ಥ.

ಹಣದ ಕಹಿ ಪ್ರಶ್ನೆ

ವಾಟರ್‌ಫರ್ಡನ್ನು ಹೊಗಳುವುದು ಸುಲಭ. ಆದರೆ ಅದರ ಮುಂದಿದ್ದ ಕಹಿ ಪ್ರಶ್ನೆಗಳನ್ನು ಮರೆಮಾಚಬಾರದು. ಗುಡ್ಡದ ಮೇಲಿನ ಕೆಲವೇ ಮಕ್ಕಳಿಗೆ ಸಮಾನತೆ ದೊರೆತರೆ ಕೆಳಗಿನ ಲಕ್ಷಾಂತರ ಮಕ್ಕಳಿಗೇನಾಯಿತು? 1976ರ ಜೂನ್ 16ರಂದು, ಆಫ್ರಿಕಾನ್ಸ್ ಭಾಷೆಯಲ್ಲಿ ಪಾಠ ಕಲಿಯಬೇಕೆಂಬ ಆಜ್ಞೆಯನ್ನು ವಿರೋಧಿಸಿ ಸೊವೆಟೊದ ಶಾಲಾ ಮಕ್ಕಳು ಬೀದಿಗಿಳಿದಾಗ ಪೋಲೀಸರ ಗುಂಡು ಅವರನ್ನು ಎದುರುಗೊಂಡಿತು. ಆ ಮಕ್ಕಳಿಗೆ ಯಾವ ಗುಡ್ಡವೂ ಇರಲಿಲ್ಲ.

ಎರಡನೆಯದು ಶುಲ್ಕ. ವಸತಿಶಾಲೆಯ ಖರ್ಚು ದೊಡ್ಡದು. ಶುಲ್ಕ ಕೊಡಬಲ್ಲವರು ಯಾರು? ಬಹುಪಾಲು ಬಿಳಿಯರು, ಇಲ್ಲವೇ ಸ್ಥಿತಿವಂತ ವರ್ತಕರು. ಕೊಡಬಲ್ಲವರನ್ನೇ ತುಂಬಿಕೊಂಡರೆ ಶಾಲೆ ಸುಖವಾಗಿ ನಡೆಯುತ್ತದೆ; ಆದರೆ ಅದು ಯಾವುದಕ್ಕಾಗಿ ಹುಟ್ಟಿತೋ ಅದೇ ಇಲ್ಲವಾಗುತ್ತದೆ. ಆದ್ದರಿಂದ ಮೊದಲಿನಿಂದಲೂ ವಿದ್ಯಾರ್ಥಿವೇತನಕ್ಕೆ ಹಣ ಕೂಡಿಸುವುದು ವಾಟರ್‌ಫರ್ಡಿನ ನಿತ್ಯಕರ್ಮವಾಯಿತು. ಬಣ್ಣದ ಗೋಡೆಯನ್ನು ಕೆಡವಿ ಹಣದ ಗೋಡೆಯನ್ನು ಎಬ್ಬಿಸಿದರೆ ಬಂದ ಲಾಭವೇನು?

ಮೊದಲನೆಯ ಪ್ರಶ್ನೆಗೆ ಒಂದು ಶಾಲೆ ಒಬ್ಬಂಟಿಯಾಗಿ ಉತ್ತರ ಕೊಡಲಾರದು. ಆದರೆ ಕಣ್ಣೆದುರು ಒಂದು ನಿದರ್ಶನವಿದ್ದರೆ 'ಆಗದು' ಎಂಬ ಮಾತಿಗೆ ಬೆಲೆ ಉಳಿಯದು. 1976ರ ಅನಂತರ ದಕ್ಷಿಣ ಆಫ್ರಿಕದೊಳಗೇ ಕೆಲವು ಕ್ಯಾಥೊಲಿಕ್ ಶಾಲೆಗಳು ಸರಕಾರವನ್ನು ಲೆಕ್ಕಿಸದೆ ಎಲ್ಲ ಬಣ್ಣದ ಮಕ್ಕಳಿಗೂ ಬಾಗಿಲು ತೆರೆದವು. ಹದಿಮೂರು ವರ್ಷಗಳಿಂದ ಗಡಿಯಾಚೆ ಮಕ್ಕಳು ಕೂಡಿ ಉಣ್ಣುತ್ತಿದ್ದರು, ಕೂಡಿ ಆಡುತ್ತಿದ್ದರು. ಆಕಾಶವೇನೂ ಕಳಚಿ ಬಿದ್ದಿರಲಿಲ್ಲ.

ಮಣ್ಣಿನ ಹೆಸರು

1967ರಲ್ಲಿ ಸ್ವಾಜಿ ಜನರ ದೊರೆ ಎರಡನೆಯ ಸೊಭೂಜ ಶಾಲೆಯನ್ನು ನೋಡಲು ಬಂದರು. ಮಕ್ಕಳನ್ನು ಕಂಡು ಸಂತೋಷಪಟ್ಟ ದೊರೆ ಶಾಲೆಗೆ ತಮ್ಮ ಭಾಷೆಯ ಒಂದು ಹೆಸರನ್ನು ಕೊಟ್ಟರು: 'ಕಮ್‌ಹ್ಲಾಬಾ'. ಸ್ವಾಜಿ ಭಾಷೆಯಲ್ಲಿ 'ಉಮ್‌ಹ್ಲಾಬ' ಎಂದರೆ ಮಣ್ಣು. ಅದೇ ಪದಕ್ಕೆ ಲೋಕವೆಂಬ ಅರ್ಥವೂ ಉಂಟು. ಎಲ್ಲರೂ ಒಂದೇ ಮಣ್ಣಿನವರು, ಈ ಶಾಲೆ ಭೇದವಿಲ್ಲದ ಒಂದು ಪುಟ್ಟ ಲೋಕ - ಎರಡು ಭಾವಗಳೂ ಒಂದೇ ಹೆಸರಿನಲ್ಲಿ ಸೇರಿದವು. ಮರುವರ್ಷ, 1968ರ ಸೆಪ್ಟೆಂಬರ್ 6ರಂದು, ಸ್ವಾಜಿಲೆಂಡ್ ಸ್ವತಂತ್ರವಾಯಿತು. 2018ರಿಂದ ಆ ದೇಶದ ಹೆಸರು ಎಸ್ವಾಟಿನಿ.

1962ರಲ್ಲಿ ಜರ್ಮನ್ ಶಿಕ್ಷಣವೇತ್ತ ಕರ್ಟ್ ಹಾನ್ ಅವರ ಪ್ರೇರಣೆಯಿಂದ ವೇಲ್ಸ್ ಸೀಮೆಯ ಕಡಲ ದಂಡೆಯ ಕೋಟೆಯೊಂದರಲ್ಲಿ ಅಟ್ಲಾಂಟಿಕ್ ಕಾಲೇಜು ಆರಂಭವಾಗಿತ್ತು. ಹಾನ್ ಅವರೂ ದ್ವೇಷದ ರುಚಿ ಕಂಡವರೇ. 1932ರಲ್ಲಿ ಹಿಟ್ಲರನು ಕೊಲೆಗಡುಕರಾದ ತನ್ನ ಅನುಯಾಯಿಗಳ ಬೆಂಬಲಕ್ಕೆ ನಿಂತಾಗ, ಅವರು ತಮ್ಮ ಸಾಲೆಮ್ ಶಾಲೆಯ ಹಳೆಯ ವಿದ್ಯಾರ್ಥಿಗಳಿಗೆ ಕಾಗದ ಬರೆದು ಹಿಟ್ಲರನನ್ನಾಗಲಿ ಸಾಲೆಮನ್ನಾಗಲಿ ಆರಿಸಿಕೊಳ್ಳಿರೆಂದು ಹೇಳಿದ್ದರು; ಮರುವರ್ಷ ಸೆರೆಯನ್ನು ಕಂಡು, ದೇಶವನ್ನು ಬಿಟ್ಟರು. ಯುದ್ಧದಲ್ಲಿ ಎದುರಾಳಿಗಳಾಗಿದ್ದ ದೇಶಗಳ ಮಕ್ಕಳು ಕೂಡಿ ಓದಲಿ, ಕೂಡಿ ದುಡಿಯಲಿ ಎಂಬುದು ಅವರ ಹಂಬಲ. ಅಟ್ಲಾಂಟಿಕ್ ಕಾಲೇಜಿನ ಹುಡುಗರು ಕಡಲಿನಲ್ಲಿ ಸಿಕ್ಕಿಬಿದ್ದವರನ್ನು ಕಾಪಾಡುವ ದೋಣಿಯ ಕೆಲಸವನ್ನು ಪಾಠದಷ್ಟೇ ಮುಖ್ಯವಾಗಿ ಮಾಡುತ್ತಿದ್ದರು. ಇದರಿಂದ ಬೆಳೆದ 'ಯುನೈಟೆಡ್ ವರ್ಲ್ಡ್ ಕಾಲೇಜು'ಗಳ ಬಳಗಕ್ಕೆ 1981ರಲ್ಲಿ ವಾಟರ್‌ಫರ್ಡ್ ಸೇರಿತು. ಇಂದು ಆ ಬಳಗದಲ್ಲಿ ಹದಿನೆಂಟು ಸಂಸ್ಥೆಗಳಿವೆ. ಭಾರತದ ಸದಸ್ಯ ಸಂಸ್ಥೆ 1997ರಲ್ಲಿ ಪುಣೆಯ ಬಳಿ, ಸಹ್ಯಾದ್ರಿಯ ಮಡಿಲಲ್ಲಿ ಆರಂಭವಾಯಿತು. ಈ ಕಾಲೇಜುಗಳಿಗೆ ಆಯಾ ದೇಶಗಳ ಸಮಿತಿಗಳು ವಿದ್ಯಾರ್ಥಿಗಳನ್ನು ಆರಿಸುತ್ತವೆ. ಶುಲ್ಕ ಕೊಡಲಾಗದವರಿಗೆ ವಿದ್ಯಾರ್ಥಿವೇತನವುಂಟು. ಸುತ್ತಲಿನ ಜನರ ಸೇವೆ ಶಿಕ್ಷಣದ ಒಂದು ಅಂಗ.

1990ರ ಫೆಬ್ರವರಿ 11ರಂದು ಮಂಡೇಲ ಸೆರೆಯಿಂದ ಹೊರಬಂದರು. 1994ರಲ್ಲಿ ಎಲ್ಲ ಬಣ್ಣದ ಪ್ರಜೆಗಳೂ ಒಂದೇ ಸಾಲಿನಲ್ಲಿ ನಿಂತು ಮತ ಹಾಕಿ ಅವರನ್ನು ರಾಷ್ಟ್ರದ ಅಧ್ಯಕ್ಷರನ್ನಾಗಿ ಮಾಡಿದರು. ಸಿಸುಲು ಅವರ ಮಗಳು ಹೊಸ ಸರಕಾರಗಳಲ್ಲಿ ಮಂತ್ರಿಯಾದಳು. ಇಯಾನ್ ಖಾಮ 2008ರಿಂದ 2018ರವರೆಗೆ ಬೊಟ್ಸ್ವಾನದ ಅಧ್ಯಕ್ಷರಾಗಿದ್ದರು. ತಮ್ಮ ಮಕ್ಕಳನ್ನು ಸಲಹಿದ ಶಾಲೆಯನ್ನು ಮಂಡೇಲ ಮರೆಯಲಿಲ್ಲ. 1995ರಲ್ಲಿ ಜೋರ್ಡಾನಿನ ರಾಣಿ ನೂರ್ ಅವರೊಡನೆ ಆ ಕಾಲೇಜುಗಳ ಬಳಗದ ಅಧ್ಯಕ್ಷಪದವಿಯನ್ನು ಒಪ್ಪಿಕೊಂಡರು.

ಕೇಳಬೇಕಾದ ಪ್ರಶ್ನೆ

ಈ ಕಥೆ ದೂರದ ಆಫ್ರಿಕದ್ದು, ಇದರಿಂದ ಇಲ್ಲಿನ ಸಂಸಾರಗಳಿಗೇನು ಎಂದು ಕೇಳಬಹುದು. ಮಗುವಿಗಾಗಿ ಶಾಲೆಯನ್ನು ಹುಡುಕುವ ತಂದೆತಾಯಿಗಳು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು: ಯಾವ ಪರೀಕ್ಷೆ, ಎಷ್ಟು ಶುಲ್ಕ, ಎಂಥ ಫಲಿತಾಂಶ, ಹೊರದೇಶಕ್ಕೆ ಹೋಗಲು ಅನುಕೂಲವೇ? ತಪ್ಪಾದ ಪ್ರಶ್ನೆಗಳಲ್ಲ. ಆದರೆ ವಾಟರ್‌ಫರ್ಡಿನ ಹದಿನಾರು ಹುಡುಗರ ಕಥೆ ಇನ್ನೊಂದು ಪ್ರಶ್ನೆಯನ್ನು ಸೇರಿಸುತ್ತದೆ: ತರಗತಿಯಲ್ಲಿ ಮಗುವಿನ ಪಕ್ಕದಲ್ಲಿ ಯಾರು ಕೂಡುತ್ತಾರೆ?

ಎಲ್ಲರೂ ಒಂದೇ ಬಗೆಯ ಕಾರಿನಲ್ಲಿ ಬರುವ, ಒಂದೇ ಬಗೆಯ ಮನೆಗಳಿಗೆ ಮರಳುವ ಮಕ್ಕಳನ್ನು ಕೂಡಿಸಿ, ಗೋಡೆಯ ಮೇಲೆ ನೂರು ದೇಶಗಳ ಬಾವುಟಗಳನ್ನು ಬರೆಸಿದರೆ ಅದು ಅಂತರರಾಷ್ಟ್ರೀಯವಾಗದು. ಬೀದಿಯಾಚೆಯ ಮಗುವನ್ನು ಕಾಣದವನು ಕಡಲಾಚೆಯ ಮಗುವನ್ನು ಕಂಡಾನೆ? ಅದಕ್ಕೆ ಬದಲು, ಊರಿನ ಸಾಧಾರಣ ಶಾಲೆಯೊಂದರಲ್ಲಿ ಅಕ್ಕಸಾಲಿಗನ ಮಗಳು, ಗಾರೆ ಕೆಲಸದವನ ಮಗ, ಗುಮಾಸ್ತರ ಮಗಳು, ಬೇರೆ ಭಾಷೆಯ ಬೇರೆ ಮತದ ಮಗು ಇವರೆಲ್ಲರೂ ಬುತ್ತಿ ಬಿಚ್ಚಿ ಹಂಚಿಕೊಂಡು ಉಣ್ಣುತ್ತಿದ್ದರೆ, ಫಲಕದ ಮೇಲೆ ಏನೇ ಬರೆದಿರಲಿ, ಆ ಶಾಲೆಗೆ ಆ ದೊಡ್ಡ ಹೆಸರು ಸಲ್ಲುತ್ತದೆ.

ಮೌಲ್ಯವೆಂಬುದನ್ನು ಪಾಠಪಟ್ಟಿಯಲ್ಲಿ ವಾರಕ್ಕೊಂದು ಗಂಟೆಯೆಂದು ಹಂಚಿ ಕಲಿಸಲಾಗದು. ಅದನ್ನು ಮಕ್ಕಳು ಕಲಿಯುವುದು ದೊಡ್ಡವರು ಮೇಜನ್ನು ಹೇಗೆ ಹಾಕಿದ್ದಾರೆ, ಅದರ ಸುತ್ತ ಯಾರಿಗೆ ಜಾಗವಿಟ್ಟಿದ್ದಾರೆ, ಆ ಜಾಗಕ್ಕಾಗಿ ತಮ್ಮ ಕೈಯಿಂದ ಎಷ್ಟು ಬಿಟ್ಟುಕೊಟ್ಟಿದ್ದಾರೆ ಎಂಬುದನ್ನು ನೋಡಿ. ವಾಟರ್‌ಫರ್ಡ್ ಕಮ್‌ಹ್ಲಾಬಾ 2023ರಲ್ಲಿ ಅರುವತ್ತು ವರ್ಷಗಳನ್ನು ತುಂಬಿತು. ಅದನ್ನು ಅಗತ್ಯವಾಗಿಸಿದ ಕಾನೂನುಗಳು ರದ್ದಾಗಿ ಮೂವತ್ತು ವರ್ಷಗಳೇ ಕಳೆದಿವೆ. ಗುಡ್ಡದ ಮೇಲಿನ ಊಟದ ಮನೆಯಲ್ಲಿ ಮಾತ್ರ ನಾನಾ ದೇಶಗಳ ಮಕ್ಕಳು ಇಂದಿಗೂ ಒಂದೇ ಪಂಕ್ತಿಯಲ್ಲಿ ಕೂಡುತ್ತಾರೆ.